ಬೈಕಿಗೆ ಕೋನ್‌ಸೆಟ್ ಹೊಸದು ಹಾಕಿಸಿದವರು ಭಾನುವಾರದೊಳಗೆ ನೋಡ್ಕೊಳ್ರಿ

ಎಲ್ಲರಿಗೂ ನಮಸ್ಕಾರ್ರೀ. ಭಾನುವಾರ ಬೆಳಗ್ಗೆ 6ಕ್ಕೆ ದಾವಣಗೆರೆ ಬಿಟ್ಟು ಚಿತ್ರದುರ್ಗದ ಕಡೆ ಬೈಕಲ್ಲಿ ಹೊರಡೋದು. ಹೋಗಿಬರೋದು ಸುಮಾರು 120 ಕಿ.ಮೀ., ಹೆಚ್ಚುಪಾಲು ಹೈವೇ. ಈಚೆಗೆ ಕೋನ್‌ಸೆಟ್ (ಹ್ಯಾಂಡಲ್ ತಿರುಗೋ ಜಾಗದ ಬೇರಿಂಗ್) ಬದಲಿಸಿದವರು ಅಷ್ಟರೊಳಗೆ ಒಂದ್ಸಲ ಪರೀಕ್ಷೆ ಮಾಡ್ಕೊಳ್ರಿ. ಅದರ ಹೊಸ ಕಪ್‌ಗಳು (ಬೇರಿಂಗ್ ಗುಂಡು ಕೂರೋ ಬಟ್ಟಲು) ಮೊದಲ ಕೆಲವು ನೂರು ಕಿ.ಮೀ. ಓಡಿದ ಮೇಲೆ ಸರಿಯಾಗಿ ಕೂತ್ಕೊಂಡು ಸ್ವಲ್ಪ ಸಡಿಲ ಆಗೋದು ಸಹಜ. ಮೆಕ್ಯಾನಿಕ್ ಮೇಲೆ ಸಿಟ್ಟಾಗಬ್ಯಾಡ್ರಿ.

ಸೆಂಟರ್ ಸ್ಟ್ಯಾಂಡ್ ಹಾಕಿ, ಇಂಜಿನ್ ಕೆಳಗೆ ಮರದ ತುಂಡು ಕೊಟ್ಟು ಮುಂದಿನ ಚಕ್ರ ಎತ್ರಿ. ಆ ಚಕ್ರ ಹಿಡಿದಿರೋ ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಎಳೀರಿ. 'ಟಕ್' ಅಂದ್ರೆ ಸಡಿಲ. ಆಮೇಲೆ ಹ್ಯಾಂಡಲ್ ನೇರ ಇಟ್ಟು ಬೆರಳಿಂದ ತಟ್ರಿ, ತಾನಾಗೇ ಎರಡೂ ಕಡೆ ತಿರುಗಿ ಬೀಳಬೇಕು. ಬೀಳದಿದ್ರೆ ಬಿಗಿ ಜಾಸ್ತಿ. ಕೇಬಲ್ ತಡೀತಿದ್ರೂ ಹಿಂಗೇ ಅನಿಸ್ತದೆ, ಅದನ್ನೂ ನೋಡ್ರಿ.

'ಗಟ್ಟಿ ಇದ್ದಷ್ಟೂ ಒಳ್ಳೇದು' ಅನ್ನೋದು ತಪ್ಪು. ನಾನೂ ಒಮ್ಮೆ ಹಂಗೇ ತಿರುವಿ, ನಮ್ಮೂರ ಪಿ.ಬಿ. ರಸ್ತೆಯ ಟ್ರಾಫಿಕ್‌ನಲ್ಲಿ ಗಾಡಿ ಕುಡಿದವರಂಗೆ ಆ ಕಡೆ ಈ ಕಡೆ ವಾಲ್ತಾ ಹೋಯ್ತು.

ಸರಿಪಡಿಸೋಕೆ ಮೇಲಿನ ದೊಡ್ಡ ನಟ್ ಸಡಿಲಿಸಿ, ಅದರ ಕೆಳಗೆ ಒಳಗಿರೋ, ಅಂಚಲ್ಲಿ ಕಚ್ಚು ಇರೋ ನಟ್ಟನ್ನ ಒಂದೊಂದೇ ಚೂರು ತಿರುವ್ರಿ. ಮುಖ್ಯವಾದ್ದು ಇದು: ಮೇಲಿನ ನಟ್ ಬಿಗಿ ಮಾಡಿದಾಗ ಒಳಗಿನದೂ ಇನ್ನಷ್ಟು ಬಿಗಿ ಆಗ್ತದೆ. ಹಂಗಾಗಿ ಕೊನೇಲಿ ಮತ್ತೆ ಎರಡೂ ಪರೀಕ್ಷೆ ಮಾಡ್ಲೇಬೇಕು. ಹ್ಯಾಂಡಲ್ ತಿರುಗಿಸುವಾಗ ನಡುವೆ ಕಚ್ಚಿಕೊಳ್ತಿದ್ರೆ ಕಪ್‌ನಲ್ಲಿ ಗುಳಿ ಬಿದ್ದಂಗೆ. ನಟ್ ತಿರುವಿ ಉಪಯೋಗ ಇಲ್ಲ, ಬದಲಿಸ್ಲೇಬೇಕು.

ಆ ಕಚ್ಚಿನ ನಟ್ ತಿರುವೋ ಸಿ-ಸ್ಪ್ಯಾನರ್ ನನ್ನ ಹತ್ರ ಐತಿ. ಶನಿವಾರ ಸಂಜೆ ಬರೋರು ಇಲ್ಲೇ ಹೇಳ್ರಿ. ಬೆಣ್ಣೆದೋಸೆ ಖರ್ಚು ನಿಮ್ದು.