ಸರೀಸೃಪ ಮಾರುವವರು ಮೊದಲು ದಾಖಲೆ ಕೊಡಲಿ

ಸಂಪಾದಕರಿಗೆ,

ಮಾನ್ಯರೇ,

ಹಲ್ಲಿ ಜಾತಿಯ ಇಗುವಾನಾ ಮತ್ತು ಬಿಯರ್ಡೆಡ್ ಡ್ರ್ಯಾಗನ್, ಹಾವಿನ ಜಾತಿಯ ಬಾಲ್ ಪೈಥಾನ್‌ಗಳಂತಹ ವಿದೇಶಿ ಸರೀಸೃಪಗಳನ್ನು ಮನೆಯಲ್ಲಿ ಸಾಕುವ ಹವ್ಯಾಸ ಈಗ ಬೆಂಗಳೂರಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ಈ ಹವ್ಯಾಸ ಸರಿಯೇ ತಪ್ಪೇ ಎಂಬ ಚರ್ಚೆ ಬೇರೆಯೇ ಇದೆ. ನಾನು ಹೇಳಬೇಕಾಗಿರುವುದು ಇವುಗಳನ್ನು ಮರಿ ಮಾಡಿಸಿ ಮಾರುವ ಬ್ರೀಡರ್‌ಗಳ ನಡವಳಿಕೆಯ ಬಗ್ಗೆ. ಹಣ ಕೈಸೇರಿದ ಕ್ಷಣದಿಂದಲೇ ಪ್ರಾಣಿಯ ಆರೋಗ್ಯದ ಹೊಣೆಯನ್ನೂ ಕಾನೂನಿನ ಹೊಣೆಯನ್ನೂ ಕೊಂಡವರ ಹೆಗಲಿಗೆ ದಾಟಿಸಿ ಅವರು ಕೈತೊಳೆದುಕೊಳ್ಳುತ್ತಿದ್ದಾರೆ.

ಮಗಳ ಆಸೆಯಂತೆ ಹಸಿರು ಇಗುವಾನಾದ ಮರಿಯೊಂದನ್ನು ನಾವು ಬೆಂಗಳೂರಿನ ಹೊರವಲಯದ ಬ್ರೀಡರ್ ಒಬ್ಬರಿಂದ ಕೊಂಡೆವು. ಮರಿಗಳನ್ನು ಸಾಕಿರುವ ಜಾಗವನ್ನು ನೋಡಬೇಕೆಂದಾಗ ಸೋಂಕು ತಗಲುತ್ತದೆಂಬ ನೆಪ ಹೇಳಿದ ಆ ಮಹನೀಯರು, ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮರಿಯನ್ನಿಟ್ಟು ಬಸ್ ನಿಲ್ದಾಣದ ಬಳಿಯೇ ಒಪ್ಪಿಸಿದರು. ಇದು ಎರಡು ಅಡಿಗಿಂತ ಹೆಚ್ಚು ಬೆಳೆಯುವುದಿಲ್ಲ, ಪಂಜರವನ್ನು ಗಾಜಿನ ಕಿಟಕಿಯ ಪಕ್ಕ ಇಟ್ಟರೆ ಬಿಸಿಲಿನ ಅಗತ್ಯ ತೀರುತ್ತದೆ, ಸೌತೆಕಾಯಿಯ ಜೊತೆಗೆ ಆಗಾಗ ಬೇಯಿಸಿದ ಮೊಟ್ಟೆ ಕೊಟ್ಟರೆ ಬೇಗ ಮೈದುಂಬಿಕೊಳ್ಳುತ್ತದೆ ಎಂಬುದು ಅವರ ಉಪದೇಶ. ಇವುಗಳಲ್ಲಿ ಒಂದೂ ನಿಜವಲ್ಲ. ಚೆನ್ನಾಗಿ ಸಾಕಿದ ಹಸಿರು ಇಗುವಾನಾ ಬಾಲವೂ ಸೇರಿ 5ರಿಂದ 6 ಅಡಿ ಬೆಳೆಯುತ್ತದೆ, 15 ವರ್ಷಕ್ಕೂ ಮಿಕ್ಕಿ ಬಾಳಬಲ್ಲದು. ಅದಕ್ಕೆ ಬೇಕಾಗುವುದು ಪಂಜರವಲ್ಲ, ಒಂದು ಪುಟ್ಟ ಕೋಣೆ.

ಕೆಲವೇ ವಾರಗಳಲ್ಲಿ ಮರಿಯ ಕೆಳದವಡೆ ಊದಿಕೊಂಡು ಮೆತ್ತಗಾಯಿತು, ಕಾಲುಗಳು ಅದುರತೊಡಗಿದವು. ಪಶುವೈದ್ಯರು ಪರೀಕ್ಷಿಸಿ, ಸುಣ್ಣಾಂಶದ ಕೊರತೆಯಿಂದ ಮೂಳೆಗಳು ಸವೆಯುವ ಕಾಯಿಲೆ ಇದೆಂದೂ, ಇದು ಹಲವು ತಿಂಗಳ ಅಪೋಷಣೆಯ ಫಲವೇ ಹೊರತು ನಮ್ಮ ಮನೆಗೆ ಬಂದ ಮೇಲೆ ಶುರುವಾದದ್ದಲ್ಲವೆಂದೂ ತಿಳಿಸಿದರು. ಬಿಸಿಲಿನಲ್ಲಿರುವ ನೇರಳಾತೀತ ಬಿ ಕಿರಣಗಳು ಚರ್ಮಕ್ಕೆ ತಾಗಿದಾಗ ಮಾತ್ರ ಈ ಪ್ರಾಣಿಯ ಮೈಯಲ್ಲಿ ಸಾಕಷ್ಟು ಡಿ ಜೀವಸತ್ವ ತಯಾರಾಗುತ್ತದೆ, ಅದಿಲ್ಲದೆ ತಿಂದ ಸುಣ್ಣಾಂಶ ಮೈಗೆ ಹತ್ತುವುದಿಲ್ಲ. ಕಿಟಕಿಯ ಗಾಜು ಆ ಕಿರಣಗಳನ್ನೇ ತಡೆದುಬಿಡುತ್ತದೆ. ಅದಕ್ಕೆಂದೇ ಮಾರುವ ವಿಶೇಷ ದೀಪವೂ ಶಾಶ್ವತವಲ್ಲ. ಬೆಳಕು ಮೊದಲಿನಂತೆಯೇ ಕಂಡರೂ ಕಿರಣದ ಬಲ ಕುಗ್ಗುವುದರಿಂದ ಆರು ತಿಂಗಳಿಗೋ ವರ್ಷಕ್ಕೋ ಬದಲಿಸಬೇಕು. ಮೊಟ್ಟೆಯ ವಿಚಾರವಂತೂ ಇನ್ನೂ ಕೆಟ್ಟದ್ದು: ಸೊಪ್ಪು ತಿಂದು ಬದುಕುವ ಈ ಪ್ರಾಣಿಗೆ ಪ್ರಾಣಿಜನ್ಯ ಆಹಾರ ಕೊಡುತ್ತಾ ಹೋದರೆ ಕ್ರಮೇಣ ಮೂತ್ರಪಿಂಡಗಳು ಕೆಡುತ್ತವೆ. ನುಗ್ಗೆ ಸೊಪ್ಪು, ಹಿಪ್ಪುನೇರಳೆ ಎಲೆ, ದಾಸವಾಳದ ಎಲೆ ಮತ್ತು ಹೂವುಗಳನ್ನು ಕೊಡುವಂತೆ ವೈದ್ಯರು ಸೂಚಿಸಿದರು. ರೇಷ್ಮೆ ಬೆಳೆಯುವ ನಮ್ಮ ಜಿಲ್ಲೆಯಲ್ಲಿ ಹಿಪ್ಪುನೇರಳೆಗೇನು ಬರ? ಇಷ್ಟು ಸರಳವಾದ ಮಾತನ್ನು ಸಾವಿರಾರು ರೂಪಾಯಿ ಎಣಿಸಿಕೊಂಡವರು ಹೇಳಲಿಲ್ಲ. ಚಿಕಿತ್ಸೆಯಿಂದ ಅದು ಬದುಕಿಕೊಂಡಿತಾದರೂ ಬಾಗಿದ ಬೆನ್ನುಮೂಳೆ ನೆಟ್ಟಗಾಗಲಿಲ್ಲ. ಬ್ರೀಡರ್‌ಗೆ ವರದಿಯ ಚಿತ್ರ ಕಳುಹಿಸಿದ ಮೇಲೆ ಅವರು ನಮ್ಮ ಕರೆಗಳನ್ನು ಸ್ವೀಕರಿಸುವುದನ್ನೇ ನಿಲ್ಲಿಸಿದರು.

ನನ್ನ ಸಹೋದ್ಯೋಗಿಯೊಬ್ಬರಿಗೆ ಬೇರೆ ಬ್ರೀಡರ್ ಒಬ್ಬರು ಬಿಯರ್ಡೆಡ್ ಡ್ರ್ಯಾಗನ್‌ಗಳನ್ನು ಗಂಡುಹೆಣ್ಣಿನ ಜೋಡಿಯೆಂದು ಹೆಚ್ಚಿನ ಬೆಲೆಗೆ ಮಾರಿದರು. ತೀರಾ ಎಳೆಯ ಮರಿಗಳಲ್ಲಿ ಲಿಂಗವನ್ನು ಖಚಿತವಾಗಿ ಹೇಳುವುದು ಕಷ್ಟವೆಂಬುದು ಈ ವೃತ್ತಿಯವರಿಗೆ ತಿಳಿಯದ ಸಂಗತಿಯೇನಲ್ಲ. ಬೆಳೆದ ಮೇಲೆ ಎರಡೂ ಗಂಡೆಂದು ಗೊತ್ತಾಯಿತು, ಒಂದು ಇನ್ನೊಂದರ ಕಾಲ್ಬೆರಳನ್ನು ಕಚ್ಚಿ ತುಂಡರಿಸಿತ್ತು.

ಇದಕ್ಕಿಂತ ಗಂಭೀರವಾದದ್ದು ದಾಖಲೆಯ ವಿಚಾರ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯಿಂದ, ಅಳಿವಿನ ಭೀತಿಯಿರುವ ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳು ಕಾಯ್ದೆಯ ನಾಲ್ಕನೇ ಅನುಸೂಚಿಗೆ (ಪಟ್ಟಿಗೆ) ಸೇರಿವೆ. ಹಸಿರು ಇಗುವಾನಾ, ಬಾಲ್ ಪೈಥಾನ್‌ಗಳು ಅವುಗಳಲ್ಲಿ ಸೇರಿವೆ. ಇಂತಹ ಪ್ರಾಣಿಯನ್ನು ಇಟ್ಟುಕೊಂಡವರು ಅದನ್ನು ನೋಂದಾಯಿಸಬೇಕು, ಅದು ಕೈಬದಲಾದರೆ, ಮರಿ ಹಾಕಿದರೆ, ಸತ್ತರೆ ತಿಳಿಸಬೇಕು ಎಂದು ಕೇಂದ್ರ ಸರ್ಕಾರ 2024ರಲ್ಲಿ ನಿಯಮಗಳನ್ನೂ ಹೊರಡಿಸಿದೆ. ಅರ್ಜಿಯನ್ನು ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದ ಮೂಲಕ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಸಲ್ಲಿಸಬೇಕು. ನಾವು ಕೊಳ್ಳುವಾಗ "ಪೇಪರ್ಸ್ ಮುಂದಿನ ವಾರ ವಾಟ್ಸ್‌ಆ್ಯಪ್‌ಗೆ ಬರುತ್ತೆ ಸಾರ್" ಎಂದಿದ್ದರು. ಆ ವಾರ ಇನ್ನೂ ಬಂದಿಲ್ಲ. ತಾಯಿತಂದೆ ಪ್ರಾಣಿಗಳು ಯಾರ ಹೆಸರಿನಲ್ಲಿ ನೋಂದಣಿಯಾಗಿವೆ, ಮರಿ ಹುಟ್ಟಿದ್ದು ಯಾವಾಗ ಎಂಬುದನ್ನು ತಿಳಿಸಬೇಕಾದವರೇ ಬಾಯಿ ಮುಚ್ಚಿಕೊಂಡರೆ ಕೊಂಡವರು ಅರ್ಜಿಯಲ್ಲಿ ಏನೆಂದು ಬರೆಯಬೇಕು? ನಾಳೆ ತನಿಖೆಯಾದರೆ ದಾಖಲೆಯಿಲ್ಲದ ಪ್ರಾಣಿಯ ಜೊತೆ ಸಿಕ್ಕಿಬೀಳುವವರು ನಾವೇ. ಇಗುವಾನಾವನ್ನು ಕಂಡವರು ಉಡವೆಂದು ಭಾವಿಸುವುದು ಸಾಮಾನ್ಯ. ಉಡ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿರುವ ನಮ್ಮ ನೆಲದ ಪ್ರಾಣಿ, ಅದನ್ನು ಸಾಕುವುದು ಶಿಕ್ಷಾರ್ಹ ಅಪರಾಧ. ಅಂತಹ ದೂರು ಹೋದಾಗ ತೋರಿಸಲು ಕೈಯಲ್ಲೊಂದು ಕಾಗದವಾದರೂ ಇರಬೇಡವೇ? ನಕ್ಷತ್ರ ಆಮೆಯೂ ಸಾಕಲು ನಿಷಿದ್ಧವಾದ ಪ್ರಾಣಿಯೇ. ಆದರೂ ನಮಗೆ ಇಗುವಾನಾ ಮಾರಿದ ಬ್ರೀಡರ್ ಮಾತಿನ ನಡುವೆ ಅದನ್ನೂ "ವ್ಯವಸ್ಥೆ ಮಾಡಿಕೊಡುವ" ಆಮಿಷ ಒಡ್ಡಿದ್ದರೆಂಬುದನ್ನು ಇಲ್ಲಿ ದಾಖಲಿಸುವುದು ಉಚಿತ.

ಗ್ರಾಹಕರ ಆಯೋಗಕ್ಕೆ ಹೋಗಿ ಎಂದು ಸ್ನೇಹಿತರು ಸಲಹೆ ನೀಡಿದರು. ಸರಕಿಗೆ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುತ್ತದೆಂಬುದು ಸಮಾಧಾನದ ವಿಷಯ. ಆದರೆ ಹಣ ಜಮೆಯಾದದ್ದು ಯಾರೋ ಸಂಬಂಧಿಕರ ಖಾತೆಗೆ, ಅಂಗಡಿಗೆ ಫಲಕವಿಲ್ಲ, ವಿಳಾಸವಿಲ್ಲ. ನೋಟಿಸು ಯಾರ ಬಾಗಿಲಿಗೆ ಅಂಟಿಸುವುದು?

ನಾಯಿಮರಿಗಳನ್ನು ಮಾರುವ ಬ್ರೀಡರ್‌ಗಳು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕೆಂದು 2017ರಲ್ಲೇ ಪ್ರತ್ಯೇಕ ನಿಯಮ ಬಂದಿದೆ. ಸಾಕುಪ್ರಾಣಿ ಅಂಗಡಿಗಳಿಗೆ 2018ರ ನಿಯಮಗಳಿವೆ. ಮನೆಯ ಮಾಳಿಗೆಯಲ್ಲಿ ಸರೀಸೃಪಗಳನ್ನು ಮರಿ ಮಾಡಿಸಿ ಮೊಬೈಲ್‌ನಲ್ಲೇ ವಹಿವಾಟು ಮುಗಿಸುವವರು ಇವೆರಡರ ಕಣ್ಣಿಗೂ ಬೀಳುತ್ತಿಲ್ಲ. ಕರ್ನಾಟಕದಲ್ಲಿ ಅನುಸೂಚಿತ ವಿದೇಶಿ ಪ್ರಾಣಿಗಳನ್ನು ಮರಿ ಮಾಡಿಸಲು ಯಾರು ಯಾರು ನೋಂದಾಯಿಸಿಕೊಂಡಿದ್ದಾರೆ ಎಂಬ ಪಟ್ಟಿಯನ್ನು ಅರಣ್ಯ ಇಲಾಖೆ ತನ್ನ ಜಾಲತಾಣದಲ್ಲಿ ಕನ್ನಡದಲ್ಲೇ ಪ್ರಕಟಿಸಬೇಕು. ಮರಿ ಹುಟ್ಟಿದ ದಿನಾಂಕ, ತಾಯಿತಂದೆಗಳ ನೋಂದಣಿ ಸಂಖ್ಯೆ, ಪಶುವೈದ್ಯರ ತಪಾಸಣಾ ಪತ್ರ ಮತ್ತು ಆರೈಕೆಯ ಸೂಚನೆಗಳಿರುವ ಒಂದು ಹಾಳೆಯನ್ನು ಹಣ ಪಡೆಯುವ ಮೊದಲೇ ಕೊಡುವುದನ್ನು ಇಲಾಖೆಯೂ ಪ್ರಾಣಿ ಕಲ್ಯಾಣ ಮಂಡಳಿಯೂ ಕಡ್ಡಾಯಗೊಳಿಸಬೇಕು. ಜೊತೆಗೆ, ಮಾರಿದವರು ದಾಖಲೆ ಕೊಡದೆ ತಪ್ಪಿಸಿಕೊಂಡಾಗ ತಾನಾಗಿ ಮುಂದೆ ಬಂದು ವಿಷಯ ತಿಳಿಸುವ ಕೊಳ್ಳುಗರನ್ನು ಆರೋಪಿಯಂತೆ ಕಾಣದೆ, ಅವರ ದೂರನ್ನು ಸ್ವೀಕರಿಸುವ ಅಧಿಕಾರಿ ಯಾರೆಂಬುದನ್ನು ಪ್ರತಿ ಜಿಲ್ಲೆಯಲ್ಲೂ ಗೊತ್ತುಪಡಿಸಬೇಕೆಂದು ಕೋರುತ್ತೇನೆ.

ಇತಿ,
ಓರ್ವ ಓದುಗ, ತುಮಕೂರು