ನಂಬರು ಉಳಿದರೆ ಸಾಲದು, ಒಟಿಪಿಯೂ ಬರಬೇಕು: ಮಂಡ್ಯ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಕೇಂದ್ರ ಸಚಿವರೂ ಮಂಡ್ಯದ ಲೋಕಸಭಾ ಸದಸ್ಯರೂ ಆದ ಶ್ರೀ ಎಚ್.ಡಿ. ಕುಮಾರಸ್ವಾಮಿಯವರಿಗೆ ನಮಸ್ಕಾರಗಳು.

ನಾನು ಮಂಡ್ಯ ಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿರುವವನು. ಸಿಮ್ ಕೊಡುವುದು, ಪೋರ್ಟ್ ಮಾಡಿಸುವುದು, ರೀಚಾರ್ಜ್ ಮಾಡುವುದು ನನ್ನ ಕಸುಬು. ಹಳ್ಳಿಯ ಹಿರಿಯರು ಈಗಲೂ ‘ಕರೆನ್ಸಿ ಹಾಕಪ್ಪ’ ಎಂದೇ ಕೇಳುತ್ತಾರೆ. ಹಾಗೆ ಕೇಳುವವರಲ್ಲಿ ಒಂದು ಗುಂಪು ಈಚಿನ ವರ್ಷಗಳಲ್ಲಿ ದೊಡ್ಡದಾಗುತ್ತಿದೆ. ಇವರು ತಮ್ಮ ಫೋನಿಗೆ ಕರೆನ್ಸಿ ಹಾಕಿಸಲು ಬಂದವರಲ್ಲ, ಹೊರದೇಶದಲ್ಲಿರುವ ಮಗನ ನಂಬರಿಗೋ ಮಗಳ ನಂಬರಿಗೋ ಹಾಕಿಸಲು ಬಂದ ತಂದೆತಾಯಿಗಳು. ಒಬ್ಬರ ಮಗ ದುಬೈಯಲ್ಲಿ ದುಡಿಯುತ್ತಾನೆ, ಇನ್ನೊಬ್ಬರ ಮಗಳು ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ನರ್ಸ್, ಮತ್ತೊಬ್ಬರ ಮಗ ಇಲ್ಲೇ ಪಿಇಎಸ್ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿ ಜರ್ಮನಿಗೆ ಹೋದವನು. ಅವರೆಲ್ಲರ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ.

ಹೊರದೇಶಕ್ಕೆ ಹೋದ ಮೇಲೆ ಊರಿನ ನಂಬರ್ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಮಾತಾಡುವುದಕ್ಕೆ ಅದು ಬೇಡ, ಅಲ್ಲಿಯ ಸಿಮ್ ಇದೆ, ವಾಟ್ಸಾಪ್ ಇದೆ. ಆದರೆ ಹುಡುಗ ಇಲ್ಲಿದ್ದಾಗ ತೆರೆದ ಬ್ಯಾಂಕ್ ಖಾತೆ ಆ ನಂಬರಿಗೇ ಜೋಡಣೆಯಾಗಿದೆ. ಆಧಾರ್ ಅದಕ್ಕೇ, ಬೆಂಗಳೂರಿನಲ್ಲಿ ಕೆಲಸ ಮಾಡಿದಾಗಿನ ಪಿಎಫ್ ಅದಕ್ಕೇ, ವಿಮೆ ಅದಕ್ಕೇ. ಕಂದಾಯ ಇಲಾಖೆ ಪಹಣಿಗೆ ಆಧಾರ್ ಜೋಡಿಸುವ ಕೆಲಸ ಹಿಡಿದಾಗ, ಜಮೀನಿನ ಜಂಟಿ ಖಾತೆಯಲ್ಲಿ ಹೆಸರಿರುವ ಮಗ ಕತಾರ್‌ನಲ್ಲಿದ್ದಾನೆ, ಒಟಿಪಿ ಎಲ್ಲಿಂದ ತರಲಿ ಎಂದು ನನ್ನ ಅಂಗಡಿಗೆ ಬಂದ ರೈತರಿದ್ದಾರೆ. ಆಧಾರ್ ಪ್ರಾಧಿಕಾರವು ಹೊರದೇಶದ ಮೊಬೈಲ್ ನಂಬರಿಗೆ ಮೆಸೇಜ್ ಕಳಿಸುವುದಿಲ್ಲ. ಹಾಗಾಗಿ ಮನುಷ್ಯ ಎಲ್ಲೇ ಬದುಕಿರಲಿ, ಅವನ ಹೆಸರಿನಲ್ಲಿ ಭಾರತದ ಒಂದು ನಂಬರ್ ಜೀವಂತ ಇರಲೇಬೇಕು. ಇದು ಅವರ ಆಯ್ಕೆಯಲ್ಲ, ನಮ್ಮ ವ್ಯವಸ್ಥೆಯೇ ಹಾಕಿದ ಷರತ್ತು. ಷರತ್ತು ಹಾಕಿದ ಮೇಲೆ ಅದನ್ನು ಪಾಲಿಸಲು ದಾರಿಯನ್ನೂ ಕೊಡಬೇಕಲ್ಲವೇ?

ದಾರಿ ಇದೆ ಎಂದು ಕಾಗದದ ಮೇಲೆ ಕಾಣುತ್ತದೆ. 2013ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಒಂದು ಒಳ್ಳೆಯ ನಿಯಮ ತಂದಿತು. ಪ್ರೀಪೇಯ್ಡ್ ನಂಬರನ್ನು 90 ದಿನ ಬಳಸದೆ ಬಿಟ್ಟರೆ ಮಾತ್ರ ಕಂಪನಿ ರದ್ದು ಮಾಡಬಹುದು. ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಮುರಿದುಕೊಂಡು ಇನ್ನೂ 30 ದಿನ ಉಳಿಸಿಕೊಡಬೇಕು. ರದ್ದಾದ ಮೇಲೂ 15 ದಿನದೊಳಗೆ ಕೇಳಿದರೆ ವಾಪಸ್ ಕೊಡಬೇಕು. ಪೋಸ್ಟ್‌ಪೇಯ್ಡ್‌ನವರಿಗೆ ಮೂರು ತಿಂಗಳಿಗೆ 150 ರೂಪಾಯಿ ಮೀರದ ಶುಲ್ಕಕ್ಕೆ ನಂಬರನ್ನು ಕಾಯ್ದಿಡುವ ಸೌಲಭ್ಯವಿದೆ.

ಆ ನಿಯಮ ಬಂದ ಕಾಲಕ್ಕೆ ಇಷ್ಟು ಸಾಕಾಗಿತ್ತು. ಆಗ ಲೈಫ್‌ಟೈಮ್ ಸಿಮ್‌ಗಳಿದ್ದವು, ಕರೆನ್ಸಿ ಖಾಲಿಯಾದರೂ ಇನ್‌ಕಮಿಂಗ್ ನಿಲ್ಲುತ್ತಿರಲಿಲ್ಲ. 2018ರ ಕೊನೆಯಲ್ಲಿ ಕಂಪನಿಗಳು ಕನಿಷ್ಠ ರೀಚಾರ್ಜ್ ಪದ್ಧತಿ ತಂದವು, 35 ರೂಪಾಯಿಗೆ 28 ದಿನ. ಅದು ಏರುತ್ತಾ ಹೋಗಿ ಈಗ ದೊಡ್ಡ ಖಾಸಗಿ ಕಂಪನಿಗಳಲ್ಲಿ ಸುಮಾರು 200 ರೂಪಾಯಿಗೆ ಬಂದು ನಿಂತಿದೆ. ವ್ಯಾಲಿಡಿಟಿ ಮುಗಿದರೆ ಮೊದಲು ಔಟ್‌ಗೋಯಿಂಗ್ ಬಂದ್, ಕೆಲವು ದಿನ ಬಿಟ್ಟು ಇನ್‌ಕಮಿಂಗ್ ಬಂದ್, ಅದರೊಂದಿಗೆ ಎಸ್‌ಎಂಎಸ್ ಕೂಡ ಬಂದ್. ಇಪ್ಪತ್ತು ರೂಪಾಯಿಯ ನಿಯಮದಿಂದ ನಂಬರು ಹೆಸರಿನಲ್ಲಿ ಉಳಿಯಬಹುದು, ಆದರೆ ಒಟಿಪಿ ಬರುವುದಿಲ್ಲ. ಒಟಿಪಿ ಬಾರದ ನಂಬರು ಹೊರದೇಶದಲ್ಲಿರುವವನಿಗೆ ಇದ್ದೂ ಇಲ್ಲದ ಹಾಗೆ. ನಿಯಮ ಬರೆದಾಗಿನ ಕಾಲ ಹೋಯಿತು, ನಿಯಮ ಮಾತ್ರ ಅಲ್ಲೇ ನಿಂತಿದೆ. ದೆಹಲಿಯಲ್ಲಿ ಕೂತವರಿಗೆ ಇದು ಕಾಣದೇ ಇರಬಹುದು, ರೀಚಾರ್ಜ್ ಅಂಗಡಿಯವನಿಗೆ ದಿನಾ ಕಾಣುತ್ತದೆ.

28 ದಿನದ ಲೆಕ್ಕದಲ್ಲಿ ವರ್ಷಕ್ಕೆ 13 ಸಲ ರೀಚಾರ್ಜ್ ಮಾಡಬೇಕು, ಎರಡೂವರೆ ಸಾವಿರಕ್ಕೂ ಹೆಚ್ಚು. ಡೇಟಾ ಬೇಡದವರಿಗೆ ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕ್ ಕೊಡಲೇಬೇಕು, ಅದರ ಅವಧಿ 365 ದಿನದವರೆಗೂ ಇರಬಹುದು ಎಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ತಿದ್ದಿತು. ಅದಕ್ಕೆ ನಾನು ಟ್ರಾಯ್‌ಗೆ ಕೃತಜ್ಞ. ನನ್ನ ಗಿರಾಕಿಗಳಲ್ಲಿ ತಿಳಿದವರು ಈಗ ಅದನ್ನೇ ಹಾಕಿಸುತ್ತಾರೆ. ಆದರೂ ಖಾಸಗಿ ಕಂಪನಿಗಳಲ್ಲಿ ಅದು ಸಾವಿರದ ಏಳುನೂರು, ಎಂಟುನೂರರ ಆಸುಪಾಸಿನಲ್ಲಿದೆ. ತಿಂಗಳಿಗೆ ನಾಲ್ಕೈದು ಎಸ್‌ಎಂಎಸ್ ಬರಲೆಂದು ಇಡೀ ವರ್ಷದ ಅನಿಯಮಿತ ಕರೆಗಳಿಗೆ ದುಡ್ಡು ಕಟ್ಟಬೇಕು. ಹೋಟೆಲಿನಲ್ಲಿ ಕಾಫಿ ಕುಡಿಯಬೇಕಾದರೂ ಊಟದ ಕೂಪನ್ನೇ ಕೊಳ್ಳಿ ಎಂದ ಹಾಗಾಯಿತು ಇದು. ಅಮೆರಿಕದಲ್ಲಿರುವ ಇಂಜಿನಿಯರ್‌ಗೆ ಇದು ದೊಡ್ಡ ಮೊತ್ತವಲ್ಲ. ಗಲ್ಫ್‌ನಲ್ಲಿ ಡ್ರೈವರ್ ಕೆಲಸ ಮಾಡಿ ಮನೆಗೆ ದುಡ್ಡು ಕಳಿಸುವವನಿಗೆ, ಅದಕ್ಕಿಂತ ಹೆಚ್ಚಾಗಿ ಅವನ ಪರವಾಗಿ ಅಂಗಡಿಗೆ ಬಂದು ದುಡ್ಡು ಎಣಿಸಿ ಕೊಡುವ ಅವನ ಅಮ್ಮನಿಗೆ, ಇದು ಸಣ್ಣದಲ್ಲ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಹೆಚ್ಚಿನ ಮನೆಗಳಲ್ಲಿ ಮಗ ವಿಮಾನ ಹತ್ತುವ ಮುಂಚೆ ಸಿಮ್ ಬಿಚ್ಚಿ ಅಪ್ಪನ ಹಳೆಯ ಕೀಪ್ಯಾಡ್ ಫೋನಿಗೆ ಹಾಕಿ ಹೋಗುತ್ತಾನೆ. ಬಸರಾಳು ಕಡೆಯ ಒಬ್ಬ ಹಿರಿಯರು ನನ್ನ ಅಂಗಡಿಯಲ್ಲಿ ನಿಂತು ಹೇಳಿದ್ದು: “ಮಗ ಫೋನ್ ಮಾಡ್ದಾಗ ನಂಬರ್ ಓದಿ ಹೇಳ್ಬೇಕು ಕಣಪ್ಪ. ಕಣ್ ಕಾಣಾಕಿಲ್ಲ, ಪಕ್ಕದ್ಮನೆ ಹುಡ್ಗನ್ ಕೂಗ್ತೀನಿ, ಅವ್ನ್ ಓದ್ತಾನೆ.” ಬ್ಯಾಂಕಿನವರು ದಿನಾ ಮೆಸೇಜ್ ಕಳಿಸುತ್ತಾರೆ, ಒಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು. ಈ ಮನೆಯಲ್ಲಿ ಅದನ್ನು ಹೇಳದಿದ್ದರೆ ಕೆಲಸವೇ ನಡೆಯುವುದಿಲ್ಲ. ಫೋನಿನಲ್ಲಿ ಒಬ್ಬರು ಕೇಳುತ್ತಾರೆ, ನಾವು ಓದಿ ಹೇಳುತ್ತೇವೆ ಎಂಬುದು ಆ ಹಿರಿಯರಿಗೆ ರೂಢಿಯಾಗಿಬಿಟ್ಟಿದೆ. ನಾಳೆ ಮಗನ ಸ್ನೇಹಿತ ಎಂದೋ, ಪೊಲೀಸ್ ಎಂದೋ, ಬ್ಯಾಂಕ್ ಮ್ಯಾನೇಜರ್ ಎಂದೋ ಬೇರೊಬ್ಬ ಕೇಳಿದರೆ? ಡಿಜಿಟಲ್ ಅರೆಸ್ಟ್ ಹೆಸರಿನ ವಂಚನೆಗೆ ವಯಸ್ಸಾದವರು ಬಲಿಯಾಗುತ್ತಿರುವ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಒಂದು ಕಡೆ ಹೇಳಬೇಡಿ ಎಂದು ಜಾಗೃತಿ ಮೂಡಿಸುತ್ತೇವೆ, ಇನ್ನೊಂದು ಕಡೆ ಹೇಳುವುದನ್ನೇ ಅಭ್ಯಾಸ ಮಾಡಿಸುತ್ತಿದ್ದೇವೆ. ನನಗೆ ಹೆಚ್ಚು ಸಂಕಟವಾಗುವುದು ಇದರಿಂದಲೇ.

ನಂಬರ್ ಕೈತಪ್ಪಿದರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದೇನೆ. ನನಗೆ ಪರಿಚಯದ ಮನೆಯ ಹೆಣ್ಣುಮಗಳು ಹೊರದೇಶದಲ್ಲಿ ನರ್ಸ್. ರಾತ್ರಿ ಪಾಳಿ, ಹೊಸ ಊರು, ರೀಚಾರ್ಜ್ ತಪ್ಪಿತು. ಊರಲ್ಲಿ ತಾಯಿ ಒಬ್ಬರೇ, ಅವರಿಗೂ ಗೊತ್ತಾಗಲಿಲ್ಲ. ನಂಬರ್ ರದ್ದಾಗಿ, ಕೊನೆಗೆ ಬೇರೆ ಜಿಲ್ಲೆಯ ಒಬ್ಬ ಹುಡುಗನಿಗೆ ಹೋಯಿತು. ಅವನದೇನೂ ತಪ್ಪಿಲ್ಲ, ಅಂಗಡಿಯಲ್ಲಿ ಹೊಸ ಸಿಮ್ ಕೊಂಡ, ಅಷ್ಟೇ. ಆದರೆ ಈಕೆಯ ಖಾತೆಯ ಒಟಿಪಿಗಳು ಅವನಿಗೆ ಹೋಗತೊಡಗಿದವು. ನಂಬರ್ ಬದಲಿಸಿಕೊಡಿ ಎಂದು ಬ್ಯಾಂಕಿಗೆ ಬರೆದರೆ ಖುದ್ದು ಶಾಖೆಗೆ ಬನ್ನಿ ಎಂದರು. “ಅಣ್ಣ, ಒಂದು ಸಹಿ ಹಾಕೋಕೆ ಅಷ್ಟು ದೂರದಿಂದ ಹೇಗ್ ಬರ್ಲಿ?” ಎಂದು ಆಕೆ ನನ್ನನ್ನು ಕೇಳಿದಾಗ ಉತ್ತರ ಕೊಡಲು ನನ್ನಲ್ಲಿ ಏನೂ ಇರಲಿಲ್ಲ. ನಾನೇ ಮಾರಿದ ಹೊಸ ಸಿಮ್‌ಗಳಿಗೂ ಹಿಂದಿನವರ ಸಾಲದ ಕಂತು, ಬ್ಯಾಂಕ್ ಬಾಕಿಯ ಮೆಸೇಜುಗಳು ಬರುತ್ತವೆ ಎಂದು ಗಿರಾಕಿಗಳು ತಂದು ತೋರಿಸುತ್ತಾರೆ. ರದ್ದಾದ ನಂಬರನ್ನು ಇನ್ನೊಬ್ಬರಿಗೆ ಕೊಡುವ ಮುಂಚೆ ಕಾಯಬೇಕಾದ್ದು ಬರೀ 90 ದಿನ. 2023ರಲ್ಲಿ ಈ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಲ್ಲಿಯೂ ಟ್ರಾಯ್ ಈ 90 ದಿನದ ಲೆಕ್ಕವನ್ನೇ ಹೇಳಿತು. ಬ್ಯಾಂಕ್, ಆಧಾರ್, ಪಿಎಫ್ ಎಲ್ಲವೂ ನೇತುಬಿದ್ದಿರುವ ನಂಬರಿಗೆ ಮೂರು ತಿಂಗಳು ಸಾಲದು.

ಇದರ ಮೇಲೆ ಈಗ ಹೊಸದೊಂದು ಬಂದಿದೆ. ವಾಟ್ಸಾಪ್, ಟೆಲಿಗ್ರಾಂ, ಸಿಗ್ನಲ್ ಮುಂತಾದ ಆ್ಯಪ್‌ಗಳು, ನೋಂದಾಯಿಸಿದ ಸಿಮ್ ಫೋನಿನಲ್ಲಿ ಇದ್ದರೆ ಮಾತ್ರ ನಡೆಯಬೇಕು ಎಂದು ದೂರಸಂಪರ್ಕ ಇಲಾಖೆ 2025ರ ನವೆಂಬರ್ 28ರಂದು ನಿರ್ದೇಶನ ಹೊರಡಿಸಿತು. ಹೊರದೇಶದಲ್ಲಿ ಕೂತು ಭಾರತದ ನಂಬರಿನಲ್ಲಿ ವಂಚಿಸುವವರನ್ನು ತಡೆಯುವುದು ಇದರ ಉದ್ದೇಶ. ಆ ಉದ್ದೇಶವನ್ನು ನಾನು ಒಪ್ಪುತ್ತೇನೆ. ಆದರೆ ಸಿಮ್ ಅಪ್ಪನ ಕೀಪ್ಯಾಡ್ ಫೋನಿನಲ್ಲಿ, ವಾಟ್ಸಾಪ್ ಮಗನ ಫೋನಿನಲ್ಲಿ ಇರುವ ಮನೆಗಳ ಗತಿ ಏನು? ಸಿಮ್ಮನ್ನು ಜೊತೆಗೇ ಕೊಂಡೊಯ್ಯಿರಿ ಎಂಬುದು ಇದರ ಅರ್ಥವಾದರೆ, ಹಾಗೆ ಕೊಂಡೊಯ್ದವರ ಸಿಮ್ ಕಡಿಮೆ ಖರ್ಚಿನಲ್ಲಿ ಜೀವಂತ ಇರುವ ಏರ್ಪಾಡೂ ಜೊತೆಗೇ ಬರಬೇಕಿತ್ತು. ಹೊರಡುವ ಮುಂಚೆ ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸಿಕೊಂಡು, ಅಲ್ಲಿ ಡೇಟಾ ಆಫ್ ಮಾಡಿಟ್ಟರೆ, ಬರುವ ಎಸ್‌ಎಂಎಸ್‌ಗೆ ಸಾಮಾನ್ಯವಾಗಿ ಶುಲ್ಕವಿಲ್ಲ. ಈ ಮಾತನ್ನು ನಾನು ನನ್ನ ಗಿರಾಕಿಗಳಿಗೆಲ್ಲ ಹೇಳಿ ಕಳಿಸುತ್ತೇನೆ. ತಾಂತ್ರಿಕವಾಗಿ ಅಡ್ಡಿಯಿಲ್ಲ ಎಂದಾಯಿತು. ಬೇಕಾಗಿರುವುದು ಒಂದು ಪ್ಲಾನ್, ಒಂದು ಆದೇಶ.

ತಾವು ಭಾರೀ ಕೈಗಾರಿಕೆ ಮತ್ತು ಉಕ್ಕು ಸಚಿವರು, ಇದು ತಮ್ಮ ಖಾತೆಯಲ್ಲ ಎಂಬುದು ನನಗೆ ಗೊತ್ತು. ಆದರೂ ತಮಗೇ ಬರೆಯಲು ಕಾರಣವಿದೆ. ಸಿಮ್ ವಿಷಯ ಸಂಪರ್ಕ ಸಚಿವಾಲಯದ್ದು, ಬ್ಯಾಂಕ್ ಹಣಕಾಸು ಸಚಿವಾಲಯದ ಕಡೆಯದು, ಆಧಾರ್ ಮಾಹಿತಿ ತಂತ್ರಜ್ಞಾನ ಸಚಿವಾಲಯದ್ದು. ಒಂದೊಂದು ಬಾಗಿಲಿಗೆ ಹೋದಾಗಲೂ ಪಕ್ಕದ ಬಾಗಿಲು ತೋರಿಸುತ್ತಾರೆ. ಮೂರೂ ಸಚಿವರ ಜೊತೆ ಒಂದೇ ಮೇಜಿನಲ್ಲಿ ಕೂರುವವರು ಈ ಜಿಲ್ಲೆಗೆ ಸಿಕ್ಕಿರುವುದು ತಾವು. ಕುಮಾರಣ್ಣ ಎಂದು ಜನ ತಮ್ಮನ್ನು ಕರೆಯುವುದು ಈ ಸಲುಗೆಯಿಂದಲೇ.

ಕೇಳುವುದು ಇಷ್ಟು. ಹೊರದೇಶದಲ್ಲಿರುವವರಿಗೆ, ಬರುವ ಎಸ್‌ಎಂಎಸ್ ಮಾತ್ರ ಇರುವ, ರೋಮಿಂಗ್‌ನಲ್ಲೂ ನಡೆಯುವ, ವರ್ಷಕ್ಕೊಮ್ಮೆ ಕಟ್ಟಿದರೆ ಸಾಕಾಗುವ ಒಂದು ಪ್ಲಾನನ್ನು ಟ್ರಾಯ್ ಕಡ್ಡಾಯ ಮಾಡಲಿ. 2024ರಲ್ಲಿ ಕರೆ ಮತ್ತು ಎಸ್‌ಎಂಎಸ್ ಪ್ಯಾಕ್ ಕೊಡಿಸಲು ಸಾಧ್ಯವಾಯಿತಲ್ಲ, ಇದೂ ಸಾಧ್ಯ. ಆಧಾರ್‌ಗೆ ಜೋಡಿಸಿದ ನಂಬರನ್ನು ಇನ್ನೊಬ್ಬರಿಗೆ ಕೊಡುವ ಮುಂಚೆ ಕಂಪನಿಗಳು ಕನಿಷ್ಠ ಒಂದು ವರ್ಷ ಕಾಯಲಿ, ರದ್ದು ಮಾಡುವ ಮೊದಲು ಇ-ಮೇಲ್‌ಗೆ ತಿಳಿಸಲಿ. ರದ್ದಾಗುವ ನಂಬರಿಗೇ ಎಚ್ಚರಿಕೆಯ ಮೆಸೇಜ್ ಕಳಿಸಿದರೆ ಅದನ್ನು ಓದುವವರು ಯಾರು?

ಹೊರದೇಶದ ನಂಬರನ್ನೇ ಒಪ್ಪುವ ದಾರಿಯೂ ಇದೆ. 2023ರ ಜನವರಿಯಲ್ಲಿ, ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ, ಅಮೆರಿಕ, ಇಂಗ್ಲೆಂಡ್, ಯುಎಇ, ಸೌದಿ, ಕತಾರ್, ಒಮಾನ್, ಸಿಂಗಪುರ ಸೇರಿ ಹತ್ತು ದೇಶಗಳ ನಂಬರಿನಿಂದ ಹೊರದೇಶದಲ್ಲಿರುವ ಭಾರತೀಯರ ಬ್ಯಾಂಕ್ ಖಾತೆಗಳಾದ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗೆ ಯುಪಿಐ ಬಳಸಲು ಅನುಮತಿ ಕೊಟ್ಟಿತು. ದುಡ್ಡು ಕಳಿಸಲು ನಂಬುವ ನಂಬರನ್ನು ಆಧಾರ್‌ಗೆ ಯಾಕೆ ನಂಬಬಾರದು? ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿ 2026ರ ಏಪ್ರಿಲ್ 1ರಿಂದ ಅನ್ವಯವಾಗಬೇಕೆಂದ ನಿರ್ದೇಶನವೂ ಎರಡು ಹಂತದ ದೃಢೀಕರಣ ಬೇಕು ಎನ್ನುತ್ತದೆ, ಅದು ಎಸ್‌ಎಂಎಸ್ ಒಟಿಪಿಯೇ ಆಗಬೇಕು ಎನ್ನುವುದಿಲ್ಲ. ಬ್ಯಾಂಕುಗಳು ಎಸ್‌ಎಂಎಸ್ ಬೇಡದ ದೃಢೀಕರಣವನ್ನು ಹೊರದೇಶದ ಗ್ರಾಹಕರಿಗೆ ಮೊದಲು ಜಾರಿ ಮಾಡುವಂತೆ ಹಣಕಾಸು ಸಚಿವರಿಗೆ ತಾವು ಒಂದು ಮಾತು ಹೇಳಬೇಕು.

ಖಾಸಗಿ ಕಂಪನಿಗಳು ತಡ ಮಾಡಬಹುದು. ಬಿಎಸ್‌ಎನ್‌ಎಲ್ ಸರ್ಕಾರದ್ದೇ. ಎಸ್‌ಎಂಎಸ್ ಪ್ಲಾನನ್ನು ಅಲ್ಲಿಂದ ಶುರು ಮಾಡಿಸಿ. ಪೋರ್ಟ್ ಮಾಡಿಸುವ ಕೆಲಸವನ್ನು ನಮ್ಮಂಥ ಅಂಗಡಿಯವರು ಮಾಡುತ್ತೇವೆ. ಸಂಪರ್ಕ ಸಚಿವರಿಗೆ ತಾವು ಬರೆಯುವ ಪತ್ರದ ಪ್ರತಿಯನ್ನು, ಅವರಿಂದ ಬರುವ ಉತ್ತರವನ್ನು ಮಂಡ್ಯದ ಜನರಿಗೆ ತಿಳಿಯುವಂತೆ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮಂಡ್ಯ ಪೇಟೆಯ ಒಬ್ಬ ಮೊಬೈಲ್ ಅಂಗಡಿಯವನು, ತಮ್ಮ ಕ್ಷೇತ್ರದ ಮತದಾರ