ಕಾಫಿಯ ದುಡ್ಡು

ಪ್ರಿಯ ತಮ್ಮ,

ನಿನ್ನ ಪತ್ರ ಬಂದು ಮೂರು ವಾರ ಆಯ್ತು. ಜೊತೆಗೆ ಕಳಿಸಿದ 11 ಕಥೆಗಳನ್ನೂ ಓದಿದೆ. ಮೇಡಂ ಮೇಡಂ ಅನ್ನಬೇಡ ಮಾರಾಯ, ಅಕ್ಕ ಅಂದ್ರೆ ಸಾಕು.

ಕಥೆ ಎಷ್ಟು ಪುಟ ಇರಬೇಕು, ಕೊನೆಗೆ ನೀತಿ ಬೇಕೋ ಬೇಡವೋ, ಚಿತ್ರ ಯಾರ ಹತ್ತಿರ ಬರೆಸಲಿ ಅಂತೆಲ್ಲ ಕೇಳಿದ್ದೀಯ. ಬರೆಯುತ್ತಾ ಹೋಗು, ಗೊತ್ತಾಗುತ್ತೆ. ನನ್ನ ನಿದ್ದೆ ಕೆಡಿಸಿದ್ದು ನಿನ್ನ ಎರಡನೇ ಪುಟ. ಮೂರು ಕಥೆ ಅಚ್ಚಾದವು, ಸಂಭಾವನೆಯ ಮಾತೆತ್ತಿದ್ದಕ್ಕೆ ಪತ್ರಿಕೆಯವರು ‘ಮಕ್ಕಳ ಸಾಹಿತ್ಯ ಅಂದರೆ ಸೇವೆ ಅಲ್ವಾ’ ಅಂದರು, ಕೇಳಿದ್ದಕ್ಕೆ ನನಗೇ ನಾಚಿಕೆಯಾಯಿತು, ಇನ್ನು ಬರೆಯುವುದೇ ಬೇಡ ಅನ್ನಿಸಿದೆ. ಇಷ್ಟೇ ತಾನೇ ನಿನ್ನ ಗೋಳು?

ಸೇವೆ ಅನ್ನುವ ಆ ಪದ ಕೇಳಿದರೆ ನನಗೆ ಮೈ ಉರಿಯುತ್ತದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಒಬ್ಬ ಹೆಂಗಸಿನ ವಿಷಯ ಕೇಳು.

ಹೆಸರು ಸಾರಾ ಸ್ಮಿತ್. 1832ರಲ್ಲಿ ಇಂಗ್ಲೆಂಡಿನ ಶ್ರಾಪ್‌ಶೈರಿನ ವೆಲಿಂಗ್ಟನ್ ಎಂಬ ಸಣ್ಣ ಊರಲ್ಲಿ ಹುಟ್ಟಿದವಳು. ಅಪ್ಪನದು ಪುಸ್ತಕದಂಗಡಿ. ಹಾಗಾಗಿ ಪುಸ್ತಕ ಅಂದರೆ ಯಾರೋ ದುಡ್ಡು ಎಣಿಸಿ ಕೊಟ್ಟು ಒಯ್ಯುವ ವಸ್ತು ಅಂತ ಅವಳು ಚಿಕ್ಕಂದಿನಲ್ಲೇ ಕಂಡಿದ್ದಳು. ಒಡಹುಟ್ಟಿದವರ ಮತ್ತು ತನ್ನ ಹೆಸರಿನ ಮೊದಲ ಅಕ್ಷರಗಳನ್ನು ಜೋಡಿಸಿ, ಸ್ಟ್ರೆಟನ್ ಎಂಬ ಊರಿನ ಹೆಸರು ಸೇರಿಸಿ ‘ಹೆಸ್ಬಾ ಸ್ಟ್ರೆಟನ್’ ಆದಳು. 1859ರಲ್ಲಿ ಅವಳ ಒಂದು ಕಥೆಯನ್ನು ಅಕ್ಕ ಎಲಿಜಬೆತ್ ಅವಳಿಗೆ ಹೇಳದೆಯೇ ಚಾರ್ಲ್ಸ್ ಡಿಕನ್ಸ್‌ನ ಪತ್ರಿಕೆಗೆ ಕಳಿಸಿಬಿಟ್ಟಳು. ಮರದ ಕೃತಕ ಕಾಲಿನ ಹೆಂಗಸರನ್ನೇ ಮದುವೆಗೆ ಕೇಳುವ ವಿಧುರನ ಕಥೆ ಅದು! ಅಚ್ಚಾಯಿತು. ಹಾಗೆ ಶುರುವಾದವಳು ಮುಂದೆ ಕ್ರೈಸ್ತ ಮಕ್ಕಳ ಕಥೆಗಳಿಗೆ ಹೆಸರಾದಳು.

ಅವಳನ್ನು ಎತ್ತಿ ನಿಲ್ಲಿಸಿದ ಪುಸ್ತಕ ‘ಜೆಸಿಕಾಸ್ ಫಸ್ಟ್ ಪ್ರೇಯರ್’. 1866ರಲ್ಲಿ ಒಂದು ಧಾರ್ಮಿಕ ಪತ್ರಿಕೆಯಲ್ಲಿ ಕಂತುಗಳಾಗಿ ಬಂತು, ಮರುವರ್ಷ ಪುಸ್ತಕವಾಯಿತು. 15 ಲಕ್ಷ ಪ್ರತಿ ಖರ್ಚಾದ ಪುಸ್ತಕ. ನಿಜ ಹೇಳಬೇಕಂದ್ರೆ ಅದರಲ್ಲಿ ಉಪದೇಶ ಜಾಸ್ತಿ, ಕಣ್ಣೀರು ಇನ್ನೂ ಜಾಸ್ತಿ. ಕೆಲವು ಪುಟ ನಾನು ಹಾರಿಸಿಯೇ ಓದುವುದು. ಆದರೆ ಒಂದು ಜಾಗಕ್ಕೆ ಬಂದಾಗ ಪ್ರತಿ ಸಲವೂ ನಿಲ್ಲುತ್ತೇನೆ.

ಲಂಡನ್ನಿನ ರೈಲು ಸೇತುವೆಯ ಕಮಾನಿನ ಕೆಳಗೆ ಡೇನಿಯಲ್ ಅನ್ನುವವನು ಬೆಳಗಿನ ಜಾವ ಕಾಫಿ ಮಾರುತ್ತಾನೆ. ಅವನೇ ದೊಡ್ಡವರು ಬರುವ ಪ್ರಾರ್ಥನಾ ಮಂದಿರವೊಂದರ ಕಾವಲಿನವನೂ ಹೌದು. ಕಾಫಿ ಮಾರುವುದು ಮಂದಿರದವರಿಗೆ ಗೊತ್ತಾದರೆ ಮಾನ ಹೋಗುತ್ತದೆ ಅಂತ ಮುಚ್ಚಿಟ್ಟಿರುತ್ತಾನೆ. ನೋಡು, ದುಡಿದು ತಿನ್ನುವುದಕ್ಕೆ ನಾಚಿಕೆ! ಜೆಸಿಕಾ ಬರಿಗಾಲಿನ ಹುಡುಗಿ, ಕುಡುಕಿ ತಾಯಿಯ ಮಗಳು. ಅವನು ಅವಳಿಗೆ ವಾರಕ್ಕೊಮ್ಮೆ ಕಾಫಿ ಕೊಡುತ್ತಾನೆ. ಮುಂದೆ ಆ ಹುಡುಗಿ ಜೀವನದಲ್ಲಿ ಮೊದಲ ಸಲ ದೇವರಿಗೆ ಕೈಮುಗಿಯುತ್ತಾಳಲ್ಲ, ಏನು ಬೇಡುತ್ತಾಳೆ ಗೊತ್ತಾ? ನಿನ್ನ ಬಗ್ಗೆ ತಿಳಿಯಬೇಕು ಅನ್ನುತ್ತಾಳೆ. ಅದರ ಬೆನ್ನಿಗೇ, ನಾನು ಕುಡಿದ ಕಾಫಿಯ ದುಡ್ಡು ಡೇನಿಯಲ್‌ಗೆ ಕೊಟ್ಟುಬಿಡು ಅನ್ನುತ್ತಾಳೆ.

ಅನ್ನ ಕೇಳಲಿಲ್ಲ, ಬಟ್ಟೆ ಕೇಳಲಿಲ್ಲ. ಕಾಫಿಯವನ ಬಾಕಿ ತೀರಲಿ ಅಂದಳು. ಡೇನಿಯಲ್‌ನ ದುಡ್ಡಿನ ಆಸೆಯನ್ನು ಪುಸ್ತಕ ಬೈಯುತ್ತದೆ, ಸರಿಯೇ. ಹುಡುಗಿಯ ಲೆಕ್ಕವನ್ನು ಮಾತ್ರ ಬೈಯುವುದಿಲ್ಲ.

ಬರೆದವಳೂ ಹಾಗೇ ಇದ್ದಳು. ಭಕ್ತಿಯ ಪುಸ್ತಕ ತಾನೇ ಅಂತ ಕೈಬೀಸಿಕೊಂಡು ಬರಲಿಲ್ಲ, ಪ್ರಕಾಶಕರ ಹತ್ತಿರ ರಾಯಲ್ಟಿಗಾಗಿ ಗಟ್ಟಿಯಾಗಿ ಜಗಳ ಆಡಿದಳು. ಮಕ್ಕಳ ಮೇಲಿನ ಕ್ರೌರ್ಯ ತಡೆಯಲು 1884ರಲ್ಲಿ ಲಂಡನ್ನಿನಲ್ಲಿ ಸಂಘ ಕಟ್ಟಿದವರಲ್ಲಿ ಅವಳೂ ಒಬ್ಬಳು. ಹತ್ತು ವರ್ಷದ ಮೇಲೆ ಅಲ್ಲಿನ ಹಣದ ನಿರ್ವಹಣೆ ಸರಿಯಿಲ್ಲ ಅಂತ ರಾಜೀನಾಮೆ ಕೊಟ್ಟು ಹೊರಬಂದಳು. ಮದುವೆಯಾಗಲಿಲ್ಲ. ಅಕ್ಕ ಎಲಿಜಬೆತ್ ಜೊತೆಗೇ ಬದುಕಿದಳು. 1911ರಲ್ಲಿ ಅಕ್ಕ ಹೋದ ಕೆಲವೇ ತಿಂಗಳಿಗೆ ಅವಳೂ ಹೋದಳು.

ಈಗ ನನ್ನ ಕಥೆ. ನನ್ನ ಮೊದಲ ಪುಸ್ತಕಕ್ಕೆ ಸಿಕ್ಕಿದ್ದು ಒಂದು ಶಾಲು, ಒಂದು ಹಾರ, 25 ಗೌರವ ಪ್ರತಿ. ತೋರಿಸಿದ ಜಾಗದಲ್ಲಿ ಸಹಿ ಹಾಕಿದೆ, ಓದಲೂ ಇಲ್ಲ. ವರ್ಷಗಳಾದ ಮೇಲೆ ತಂಗಿಯ ಮಗಳ ಸ್ಕೂಲ್ ಬ್ಯಾಗಿನಲ್ಲಿ ಆ ಪುಸ್ತಕ ಕಂಡಿತು. ಆರನೇ ಮುದ್ರಣ. ಹಕ್ಕುಗಳು ಪ್ರಕಾಶಕರವು. ಆ ಶಾಲು ಈಗ ಹಪ್ಪಳ ಒಣಗಿಸಲು ಆಗುತ್ತಿದೆ.

ಇದನ್ನು ಎಲ್ಲರ ಮುಂದೆಯೂ ಹೇಳಿಕೊಂಡಿದ್ದೇನೆ. ಹೇಳದೆ ಉಳಿಸಿಕೊಂಡದ್ದು ಇನ್ನೊಂದಿದೆ. ಮಕ್ಕಳ ಪುಟವೊಂದನ್ನು ಕೆಲವು ವರ್ಷ ನಾನೇ ನೋಡಿಕೊಳ್ಳುತ್ತಿದ್ದೆ. ಹಳ್ಳಿಯ ಮೇಷ್ಟ್ರೊಬ್ಬರು ಚೆಂದದ ಕಥೆ ಕಳಿಸುತ್ತಿದ್ದರು. ಸಾಲು ಸ್ವಲ್ಪ ಮೇಲಕ್ಕೆ ಹತ್ತುವ ಕೈಬರಹ, ನಿನ್ನದರ ಹಾಗೇ. ಒಮ್ಮೆ, ಅಂಚೆ ಖರ್ಚಾದರೂ ಕೊಡ್ತೀರಾ ತಾಯಿ ಅಂತ ಬರೆದರು. ‘ಇದು ಸೇವೆ ಅಲ್ವಾ ಮೇಷ್ಟ್ರೇ’ ಅಂತ ಉತ್ತರ ಬರೆದವಳು ನಾನೇ. ಆಮೇಲೆ ಅವರಿಂದ ಕಥೆ ಬರಲಿಲ್ಲ. ಪುಟ ತುಂಬಿಸುವುದಕ್ಕೆ ಬೇರೆಯವರು ಇದ್ದರು, ನಾನು ವಿಚಾರಿಸಲೂ ಇಲ್ಲ.

ಅದಕ್ಕೇ ನಿನ್ನ ಮೇಲೆ ಇಷ್ಟು ಸಿಟ್ಟು. ನಿನ್ನ ಮೇಲೋ, ನನ್ನ ಮೇಲೋ, ಬಿಡು. ನಾಳೆಯೇ ಆ ಪತ್ರಿಕೆಯವರಿಗೆ ಎರಡು ಸಾಲು ಬರೆ. ಮೂರು ಕಥೆ, ಇಂಥ ತಿಂಗಳು, ಇಷ್ಟು ಕೊಡಿ. ಕ್ಷಮೆ ಕೇಳಬೇಡ, ಕವಿತೆ ಸೇರಿಸಬೇಡ. ಕೊಡದಿದ್ದರೆ ಕೊಡದಿರಲಿ, ಕೇಳಿದ್ದಂತೂ ಅವರ ಫೈಲಿನಲ್ಲಿ ಉಳಿಯುತ್ತದೆ.

ಅಂದಹಾಗೆ ನಿನ್ನ ಹಂಚಿನ ಮೇಲಿನ ಬೆಕ್ಕಿನ ಕಥೆಯನ್ನು ಭಾನುವಾರ ನಮ್ಮ ಬೀದಿಯ ಮಕ್ಕಳಿಗೆ ಓದಿ ಹೇಳಿದೆ. ಕೊನೆಯ ಪ್ಯಾರಾ ಬಿಟ್ಟು. ಮಳೆ ಬಂದರೆ ಬೆಕ್ಕು ಎಲ್ಲಿ ಮಲಗುತ್ತೆ ಅಂತ ಒಂದು ಹುಡುಗಿ ಕೇಳಿದಳು. ನನಗೆ ಗೊತ್ತಿರಲಿಲ್ಲ. ಯೋಚಿಸಿ ಬರೆ.

ಕಥೆ ಓದಿದ್ದಕ್ಕೆ 200 ರೂಪಾಯಿ ಮನಿಯಾರ್ಡರ್ ಮಾಡಿದ್ದೇನೆ. ಬೇಡ ಅಂತ ವಾಪಸ್ ಕಳಿಸಿದರೆ ಮತ್ತೆ ಪತ್ರ ಬರೆಯುವುದಿಲ್ಲ. ತಲುಪಿದ ಮೇಲೆ ರಸೀದಿ ಕಳಿಸು.

ಇಂತಿ,
ನಿನ್ನ ಅಕ್ಕ